ಅಮ್ಮನ ತುಟಿ, ಯಾರದೋ ದನಿ

ನಮ್ಮಮ್ಮನದು ಒಂದೂ ಫೋಟೋ ಇಲ್ಲ. ಸಿನಿಮಾ ಇತ್ತು. ಹೀಗೆಂದರೆ ಜನ ಕಣ್ಣರಳಿಸುತ್ತಾರೆ. ಸತ್ತ ತಾಯಿ ನಡೆದಾಡುವುದನ್ನು ಕಣ್ಣಾರೆ ಕಂಡಿದ್ದೀರಲ್ಲ, ಎಂಥ ಪುಣ್ಯ ನಿಮ್ಮದು ಎನ್ನುತ್ತಾರೆ. ಪುಣ್ಯವಂತೆ ಪುಣ್ಯ! ನನಗೆ ಮೈ ಉರಿಯುತ್ತದೆ. ಕಂಡಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಕೇಳಿಲ್ಲ. ಆ ಸಿನಿಮಾದಲ್ಲಿ ನಮ್ಮಮ್ಮ ನನ್ನ ಗಲ್ಲ ಹಿಡಿದು, ನನ್ನ ಮುಖ ನೋಡಿಕೊಂಡು ಏನೋ ಹೇಳುತ್ತಾಳೆ. ತುಟಿ ಅವಳದು. ಕೇಳಿಸುವ ದನಿ ಇನ್ಯಾವಳದೋ. ಅಮ್ಮ ಅಲ್ಲಿ ಏನು ಹೇಳಿದಳು ಎನ್ನುವುದನ್ನು ತಿಳಿಯದೆ ನಾನು ಎಂಟು ಒಂಬತ್ತು ವರ್ಷ ಒದ್ದಾಡಿದ್ದೇನೆ.

ಅದು ಸರ್ಕಾರದವರು ತೆಗೆಸಿದ ಸಣ್ಣ ಚಿತ್ರ. ಕುಡಿಯುವ ನೀರನ್ನು ಶೋಧಿಸಿ ಕುಡಿಯಿರಿ, ಕೊಡದ ಬಾಯಿ ಮುಚ್ಚಿಡಿ ಎಂದು ಹಳ್ಳಿಯವರಿಗೆ ಬುದ್ಧಿ ಹೇಳುವಂಥದ್ದು. ಐವತ್ತರ ದಶಕದ ನಡುವೆ ಯಾವಾಗಲೋ ಜೀಪಿನಲ್ಲಿ ಕ್ಯಾಮೆರಾ ಹೇರಿಕೊಂಡು ತೋವಿನಕೆರೆ ಹತ್ತಿರದ ನಮ್ಮಪ್ಪನ ಹಳ್ಳಿಗೆ ಬಂದರಂತೆ. ಊರ ಬಾವಿ ನಮ್ಮ ಮನೆಗೆ ಹತ್ತಿರ, ಅಮ್ಮ ನೋಡಲು ಲಕ್ಷಣವಾಗಿದ್ದಳು, ಅಷ್ಟೇ ಕಾರಣ. ನಾನಾಗ ಅವಳ ಕಂಕುಳಲ್ಲಿದ್ದೆ, ಮಾತು ಸರಿಯಾಗಿ ಬಂದಿರಲಿಲ್ಲ. ಮಾರನೆಯ ವರ್ಷ ನನ್ನನ್ನು ಅಪ್ಪನ ಮನೆಯಲ್ಲೇ ಬಿಟ್ಟು ಎರಡನೇ ಹೆರಿಗೆಗೆ ತವರಿಗೆ ಹೋದ ಅಮ್ಮ ಅಲ್ಲೇ ತೀರಿಕೊಂಡಳು, ಮಗುವೂ ಹೋಯಿತು. ಅಪ್ಪ ಇನ್ನೊಂದು ಮದುವೆಯಾದ. ಅಮ್ಮನ ತಾಯಿ, ನನ್ನಜ್ಜಿ, ಬಂದು ಯಾರನ್ನೂ ಕೇಳದೆ ನನ್ನನ್ನು ಎತ್ತಿಕೊಂಡು ಪಾವಗಡದ ಕಡೆಯ ತನ್ನ ಊರಿಗೆ ಹೊರಟುಬಿಟ್ಟಳು. ಬೆಳಿಗ್ಗೆ ಕನ್ನಡದಲ್ಲಿ ಶುರುವಾದ ಜಗಳ ಸಂಜೆಗೆ ತೆಲುಗಿನಲ್ಲಿ ಮುಗಿಯುವಂಥ ಊರು ಅದು. ನಾನು ಬೆಳೆದದ್ದು ಅಲ್ಲಿ.

ಸಿನಿಮಾ ತೆಗೆದ ಸಂಗತಿ ಅಜ್ಜಿಗೆ ಗೊತ್ತೇ ಇರಲಿಲ್ಲ. ಅದಾದ ಮೇಲೆ ಅಮ್ಮ ತವರಿಗೆ ಬಂದದ್ದು ಹೆರಿಗೆಗೆ ಮಾತ್ರ, ಬಂದವಳು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ನನಗೆ ಏಳೋ ಎಂಟೋ ವರ್ಷವಾಗಿದ್ದಾಗ ಒಂದು ದಿನ ಪ್ರಚಾರದ ವ್ಯಾನು ನಮ್ಮೂರಿಗೆ ಬಂತು. ಸ್ಕೂಲಿನ ಮುಂದಿನ ಎರಡು ಬೇವಿನ ಮರಕ್ಕೆ ಬಿಳಿ ಪರದೆ ಕಟ್ಟಿದರು. ಹೊತ್ತು ಮುಳುಗುತ್ತಿದ್ದಂತೆ ಊರಿಗೆ ಊರೇ ಚಾಪೆ ಹಿಡಿದು ಬಂದು ಕೂತಿತು. ಮೊದಲು ಅಣೆಕಟ್ಟು ತೋರಿಸಿದರು, ಆಮೇಲೆ ಯಾರೋ ಮಂತ್ರಿಗಳು ಕತ್ತರಿ ಹಿಡಿದು ಟೇಪು ಕತ್ತರಿಸುವುದನ್ನು ತೋರಿಸಿದರು. ಅದಾದ ಮೇಲೆ ಒಂದು ಬಾವಿ ಬಂತು. ಬಾವಿಕಟ್ಟೆಯಿಂದ ಕೊಡ ಹೊತ್ತು, ಕಂಕುಳಲ್ಲಿ ಕೂಸು ಇಟ್ಟುಕೊಂಡು ಒಬ್ಬ ಹೆಂಗಸು ನಮ್ಮ ಕಡೆಗೆ ನಡೆದು ಬಂದಳು.

ಅಜ್ಜಿ ಎದ್ದು ನಿಂತಳು. ಸುತ್ತ ಕೂತವರಿಗೆ ಗುರುತು ಸಿಕ್ಕಿತು, ಹೆಂಗಸರು ಒಬ್ಬರ ಮೈಮೇಲೊಬ್ಬರು ಸರಿದು ಕೂತರು. ನಾಲ್ಕೈದು ವರ್ಷದ ಕೆಳಗೆ ಇವರೇ ಕೈಯಾರೆ ಸ್ನಾನ ಮಾಡಿಸಿ, ಅರಿಶಿನ ಹಚ್ಚಿ, ಮಣ್ಣು ಮಾಡಿದ ಹೆಣ್ಣು ಕೊಡ ಹೊತ್ತು ನಗುತ್ತ ಬರುತ್ತಿದ್ದಾಳೆ. ಅಷ್ಟರಲ್ಲಿ ಪೆಟ್ಟಿಗೆಯಿಂದ ದನಿ ಬಂತು. "ನಮಸ್ಕಾರ, ನನ್ನ ಹಳ್ಳಿಯ ಸಹೋದರಿಯರೇ. ನಾನು ಪ್ರತಿದಿನವೂ ನೀರನ್ನು ಶುಭ್ರವಾದ ಬಟ್ಟೆಯಿಂದ ಶೋಧಿಸುತ್ತೇನೆ." ನಯವಾದ, ತಿದ್ದಿ ತೀಡಿದ ದನಿ. ಅಕ್ಷರ ಅಕ್ಷರವೂ ಇಸ್ತ್ರಿ ಮಾಡಿಟ್ಟ ಹಾಗಿತ್ತು.

ನಮ್ಮ ಕಡೆ ಮೈಮೇಲೆ ಬರುವುದು ಎಲ್ಲರೂ ಬಲ್ಲ ಸಂಗತಿ. ಸತ್ತವರ ಗಾಳಿ ಬದುಕಿದವರ ಮೈ ಹೊಗುತ್ತದೆ, ಸೊಸೆಯ ಬಾಯಲ್ಲಿ ಎಂದೋ ಸತ್ತ ಅತ್ತೆಯ ಗಂಟಲು ಮಾತಾಡುತ್ತದೆ. ಹಾಗಾದಾಗ ಬಲ್ಲವರೊಬ್ಬರು ಎದುರು ಕೂತು, ನೀನು ಯಾರು, ಎಲ್ಲಿಂದ ಬಂದೆ, ಏನು ಬೇಕು ಎಂದು ಕೇಳಬೇಕು. ಕೇಳಿದರೆ ಅದು ಹೇಳಲೇಬೇಕು, ಬೇಕಾದ್ದನ್ನು ಇಸಿದುಕೊಂಡು ಬಿಟ್ಟು ಹೋಗಲೇಬೇಕು. ಅವತ್ತು ನಮ್ಮೂರಿನವರು ಕಂಡದ್ದು ಇದರ ತಿರುಗುಮುರುಗು. ಮೈ ಸತ್ತವಳದು, ಅದರೊಳಗೆ ಮಾತಾಡುತ್ತಿರುವವಳು ಯಾರೋ. ಸತ್ತ ಮೇಲೂ ನನ್ನ ಮಗಳನ್ನು ಯಾವುದೋ ಹಿಡಿದುಕೊಂಡಿದೆ ಎಂದೇ ಅಜ್ಜಿ ತಿಳಿದಳು. ಜನರನ್ನು ದಾಟಿಕೊಂಡು ಹೋಗಿ ಪರದೆಯ ಮುಂದೆ ನಿಂತಳು. ಅವಳ ನೆರಳು ಅಮ್ಮನ ಮೇಲೆ ಬಿತ್ತು.

"ಯಾರೇ ನೀನು?" ಎಂದು ಕೇಳಿದಳು. "ಎಲ್ಲಿಂದ ಬಂದೆ? ಏನ್ ಬೇಕು ನಿಂಗೆ?"

ನೀರಿನಲ್ಲಿ ಕಣ್ಣಿಗೆ ಕಾಣದ ಕ್ರಿಮಿಗಳಿರುತ್ತವೆ ಎಂದಿತು ದನಿ.

ಕನ್ನಡ ತಿಳಿಯದ ಗಾಳಿಯಿರಬಹುದು ಅಂದುಕೊಂಡಳೋ ಏನೋ, "ಎವರೇ ನುವ್ವು?" ಎಂದು ತೆಲುಗಿನಲ್ಲೂ ಕೇಳಿದಳು. ಯಾರೂ ನಗಲಿಲ್ಲ. ಈಗ ಇದನ್ನು ಹೇಳಿದರೆ ಕೇಳಿದವರು ನಗುತ್ತಾರೆ, ನನಗೂ ಒಮ್ಮೊಮ್ಮೆ ನಗು ಬರುತ್ತದೆ. ಅವತ್ತು ಮಾತ್ರ ಇಡೀ ಊರು, ಆ ದನಿ ಹೆಸರು ಹೇಳೀತು ಎಂದು ಕಾದಿತ್ತು. ನನ್ನ ಕಣ್ಣು ಬೇರೆ ಕಡೆಗಿತ್ತು. ಅಜ್ಜಿಯ ನೆರಳು ತಾಗದ ಪರದೆಯ ಅಂಚಿನಲ್ಲಿ ಅಮ್ಮ ಕೊಡ ಇಳಿಸಿ, ಕೂಸಿನ ಗಲ್ಲ ಹಿಡಿದು, ಅದರ ಮುಖಕ್ಕೆ ಮುಖ ಕೊಟ್ಟು ಏನೋ ಹೇಳುತ್ತಿದ್ದಳು. ಆ ಕೂಸು ನಾನೇ ಎಂದು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಅದೇ ಹೊತ್ತಿಗೆ ಆ ಹೆಂಗಸು, ಮಕ್ಕಳ ಆರೋಗ್ಯವೇ ದೇಶದ ಭಾಗ್ಯ ಎಂದಳು. ಚಿತ್ರ ಮುಗಿದೇ ಹೋಯಿತು.

ವ್ಯಾನಿನ ಸಾಹೇಬರು ಒಳ್ಳೆಯವರು, ಗದರಲಿಲ್ಲ. ಅಜ್ಜಿಯನ್ನು ಕೂರಿಸಿ, ನೀರು ಕೊಡಿಸಿ, ತಿಳಿಯುವ ಹಾಗೆ ಹೇಳಿದರು. ಗಾಳಿಯೂ ಇಲ್ಲ, ಪಿಶಾಚಿಯೂ ಇಲ್ಲ. ಹಳ್ಳಿಗೆ ತಂದ ಕ್ಯಾಮೆರಾಕ್ಕೆ ಕಣ್ಣು ಮಾತ್ರ, ಕಿವಿ ಇಲ್ಲ. ಚಿತ್ರ ತೆಗೆದುಕೊಂಡು ಹೋಗಿ, ಆಮೇಲೆ ಬೆಂಗಳೂರಿನಲ್ಲಿ ಒಂದು ಕೋಣೆಯಲ್ಲಿ ಓದುಬರಹ ಬಲ್ಲ ಹೆಂಗಸೊಬ್ಬರನ್ನು ಕೂರಿಸಿ ಮಾತು ಹೇಳಿಸಿದ್ದಾರೆ. ಹಿನ್ನೆಲೆ ದನಿ ಅನ್ನುತ್ತಾರೆ ಅದಕ್ಕೆ. ಎಲ್ಲ ಜಿಲ್ಲೆಯವರಿಗೂ ಅರ್ಥವಾಗುವಂಥ ಕನ್ನಡ ಬೇಕಲ್ಲವೇ ತಾಯಿ, ಎಂದು ಸಮಾಧಾನ ಮಾಡಿದರು.

ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು. "ಸತ್ತೋರ್ ಬಾಯಿಗೆ ಅಕ್ಕಿ ಹಾಕ್ತಾರೆ ಕಣಪ್ಪ," ಎಂದಳು. "ಮಾತು ಹಾಕಿದ್ನ ನಾ ಎಲ್ಲೂ ಕಾಣೆ."

ಮಗಳು ಬದುಕಿರುವಾಗಲೇ ಆ ಮಾತು ಹಾಕಿದ್ದು ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. ಅಮ್ಮ ನನಗೇನು ಹೇಳಿದಳು ಎಂದು ನಾನು ಅವರ ಷರ್ಟಿನ ತುದಿ ಹಿಡಿದು ಕೇಳಿದೆ. ಅದು ಇದರಲ್ಲಿ ಇಲ್ಲ ಪುಟ್ಟಿ ಎಂದು ಪೆಟ್ಟಿಗೆ ಮುಚ್ಚಿದರು.

ಅಂದಿನಿಂದ ನನಗೆ ಆ ಸಿನಿಮಾದ ಹುಚ್ಚು ಹಿಡಿಯಿತು. ವ್ಯಾನು ಬಂದಿದೆ ಎಂದು ಯಾರ ಬಾಯಲ್ಲಾದರೂ ಕೇಳಿದರೆ ಸಾಕು, ಅನ್ನ ನೀರು ಬಿಟ್ಟು ಹಟ ಹಿಡಿಯುತ್ತಿದ್ದೆ. ಅಜ್ಜಿ ಒಂದು ಸಲವೂ ಆಮೇಲೆ ನೋಡಲಿಲ್ಲ. ನನ್ನನ್ನು ಕರೆದುಕೊಂಡು ಹೋಗಿ, ತಾನು ಪರದೆಗೆ ಬೆನ್ನು ಹಾಕಿ, ಕಿವಿಗೆ ಸೆರಗು ಒತ್ತಿಕೊಂಡು ಕೂರುತ್ತಿದ್ದಳು. ಪಾವಗಡದ ಸಂತೆಮೈದಾನದಲ್ಲಿ ನೋಡಿದೆ. ಅಪ್ಪನನ್ನು ನೋಡಲು ಹೋದಾಗ ಕೊರಟಗೆರೆಯಲ್ಲಿ ನೋಡಿದೆ, ಬರುವಾಗ ಬಸ್ಸಿನಲ್ಲಿ ಗೊರವನಹಳ್ಳಿ ಲಕ್ಷ್ಮಿಗೆ ಕೈ ಮುಗಿದು, ಮುಂದಿನ ಸಲವಾದರೂ ಅಮ್ಮನ ಮಾತು ಕೇಳಿಸಲಿ ಎಂದು ಬೇಡಿಕೊಂಡೆ. ದೇವರಿಗೂ ಕೇಳಿಸಿರಲಿಕ್ಕಿಲ್ಲ. ಪ್ರತಿ ಸಲವೂ ಅದೇ ಬಾವಿ, ಅದೇ ಕೊಡ, ಅದೇ ನಮಸ್ಕಾರ.

ಹೀಗೆ ನೋಡಿ ನೋಡಿ ಏನಾಯಿತು ಎನ್ನುವುದು ನನಗೆ ತಡವಾಗಿ ತಿಳಿಯಿತು. ಅಮ್ಮನ ದನಿ ಒಂದು ಚೂರಾದರೂ ನನ್ನೊಳಗೆ ಉಳಿದಿತ್ತೋ ಇಲ್ಲವೋ, ಈಗ ಹೇಳಲಾರೆ. ಉಳಿದಿದ್ದರೂ ಆ ಹೆಂಗಸು ಅದರ ಮೇಲೆ ಕೂತುಬಿಟ್ಟಳು. ಜ್ವರ ಬಂದು ಮಲಗಿದಾಗ ಅಮ್ಮ ಬಂದು ಹಣೆ ಮುಟ್ಟಿದಂತೆ ಕನಸಾಗುತ್ತಿತ್ತು. ಬಂದವಳು, ನಮಸ್ಕಾರ, ಎನ್ನುತ್ತಿದ್ದಳು. ಯಾವ ಮನೆಯಲ್ಲಿ ತಾಯಿ ಮಗಳಿಗೆ ನಮಸ್ಕಾರ ಎನ್ನುತ್ತಾಳೆ, ನೀವೇ ಹೇಳಿ.

ಹೈಸ್ಕೂಲಿಗೆ ಮಧುಗಿರಿಗೆ ಬಂದೆ, ಹಾಸ್ಟೆಲ್ಲಿನಲ್ಲಿದ್ದೆ. ಊರಾಚೆ ಟೆಂಟ್ ಸಿನಿಮಾ ಇತ್ತು. ವಾರ್ಡನ್ ಒಪ್ಪಿದಾಗ ಮೊದಲ ಆಟಕ್ಕೆ ಸಾಲಾಗಿ ಹೋಗುತ್ತಿದ್ದೆವು. ಉಳಿದ ಹುಡುಗಿಯರು ಸೀರೆ, ಒಡವೆ ನೋಡುತ್ತಿದ್ದರು, ನಾನು ದನಿಗಳನ್ನು ಗಮನಿಸುತ್ತಿದ್ದೆ. ಪುರಾಣದ ಚಿತ್ರ ಶುರುವಾಗುವಾಗ ಮೋಡದ ಮೇಲಿಂದ ಗಂಡು ದನಿಯೊಂದು ಕತೆ ಹೇಳುತ್ತಿತ್ತು. ನೆಲದಲ್ಲಿ ಕೂತ ಅಜ್ಜಿಯಂದಿರು ಆ ದನಿಗೇ ಕೈ ಮುಗಿಯುತ್ತಿದ್ದರು, ದೇವರು ಇನ್ನೂ ಬಂದಿರುತ್ತಿರಲಿಲ್ಲ. ಅದಕ್ಕೆ ಮೊದಲು ವಾರ್ತಾಚಿತ್ರ. ನೆರೆ ಬಂದು ಊರು ಮುಳುಗಿದ್ದನ್ನೂ, ಕುಸ್ತಿಯಲ್ಲಿ ಯಾರೋ ಗೆದ್ದದ್ದನ್ನೂ ಅದೇ ಹುರುಪಿನಲ್ಲಿ ಹೇಳುವ ದನಿ. ಮುಳುಗುವವರು ಬಾಯಿ ತೆರೆದು ಕೂಗುವುದು ಕಾಣುತ್ತಿತ್ತು, ಕೂಗು ಕೇಳಿಸುತ್ತಿರಲಿಲ್ಲ. ಅವರ ಮನೆಯವರು ಎಲ್ಲಾದರೂ ಒಂದು ಟೆಂಟಿನಲ್ಲಿ ಕೂತು ನೋಡುತ್ತಿರಬಹುದೇ ಎಂದು ಯೋಚಿಸುತ್ತಿದ್ದೆ.

ಸಂಸಾರದ ಕತೆಗಳಲ್ಲಿ ಇನ್ನೊಂದು ಬಗೆ. ನಾಯಕಿ ಬಾಯಿ ಮುಚ್ಚಿಕೊಂಡು ಕಿಟಕಿ ಬಳಿ ನಿಂತಿರುತ್ತಾಳೆ, ಅವಳ ಮನಸ್ಸಿನ ಮಾತು ನಮಗೆ ಕೇಳಿಸುತ್ತದೆ. ಅದರ ಮೇಲೆ ನನಗೆ ಸಿಟ್ಟಿರಲಿಲ್ಲ, ಹೊಟ್ಟೆಕಿಚ್ಚಿತ್ತು. ಅವಳು ಬಾಯಿ ತೆರೆಯದೆ ಅವಳ ಮಾತು ಕೇಳುತ್ತದೆ, ನಮ್ಮಮ್ಮ ಬಾಯಿ ತೆರೆದರೂ ಕೇಳುವುದಿಲ್ಲ. ಹಿನ್ನೆಲೆ ದನಿಯ ಜೋರೇ ಅದು, ಮುಖವಿಲ್ಲ. ಮುಖವಿಲ್ಲದವರ ಹತ್ತಿರ ಜಗಳ ಆಡುವುದು ಹೇಗೆ? ಎದುರಿಗೆ ಸಿಕ್ಕಿದ್ದರೆ ಆ ಬೆಂಗಳೂರಿನ ಹೆಂಗಸನ್ನು ಜುಟ್ಟು ಹಿಡಿದು ಕೇಳುತ್ತಿದ್ದೆ. ಪಾಪ, ಯಾರದೋ ಮನೆಯ ಮಗಳು, ಕೈಗೆ ಕೊಟ್ಟ ಕಾಗದ ಓದಿರುತ್ತಾಳೆ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸುತ್ತಿರಲಿಲ್ಲ.

ಹೈಸ್ಕೂಲಿನ ಕೊನೆಯ ವರ್ಷ ಆ ಚಿತ್ರ ನಮ್ಮ ಸ್ಕೂಲಿಗೇ ಬಂತು. ಹಗಲು ಹೊತ್ತು, ದೊಡ್ಡ ಕೋಣೆಯ ಕಿಟಕಿಗಳಿಗೆ ಕಂಬಳಿ ಕಟ್ಟಿದ್ದರು. ಅಣೆಕಟ್ಟು ಮುಗಿದು ಬಾವಿ ಬರುವ ಹೊತ್ತಿಗೆ ಧ್ವನಿಪೆಟ್ಟಿಗೆ ಕರಕರ ಎಂದು ನಿಂತುಹೋಯಿತು. ಚಿತ್ರ ನಿಲ್ಲಿಸಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಹೆಂಗಸು ಇರಲಿಲ್ಲ, ನಾನು ಅಮ್ಮ ಇಬ್ಬರೇ. ಹುಡುಗಿಯರು ಗುಸುಗುಸು ನಗುತ್ತಿದ್ದರು, ಒಬ್ಬಳು ತಾನೇ ಅಮ್ಮನ ಮಾತು ಕಟ್ಟಿ ಗೇಲಿ ಮಾಡಿದಳು. ಸುಮ್ನಿರೇ ಎಂದು ನಾನು ಗದರಿದ ರಭಸಕ್ಕೆ ಮುಂದಿನ ಸಾಲಿನವರೂ ತಿರುಗಿ ನೋಡಿದರು. ನಾನು ಕಣ್ಣು ಪಿಳುಕಿಸದೆ ಅಮ್ಮನ ತುಟಿಯನ್ನೇ ನೋಡಿದೆ. ನಿಧಾನವಾಗಿ, ಒಂದೊಂದೇ ಮಾತು, ನಡುನಡುವೆ ಬಿಟ್ಟು ಬಿಟ್ಟು. ಕೂಸು ಅಳುಮೋರೆ ಮಾಡಿತ್ತು. ಅಳಬೇಡ ಕಣೇ, ಇಲ್ಲೇ ಇದ್ದೀನಿ ಎಂದಿರಬೇಕು ಎಂದು ನನಗೆ ನಾನೇ ನಿಶ್ಚಯ ಮಾಡಿಕೊಂಡೆ. ಹಾಸ್ಟೆಲ್ಲಿನ ಕನ್ನಡಿಯ ಮುಂದೆ ನಿಂತು, ದನಿ ತೆಗೆಯದೆ, ತುಟಿ ಆಡಿಸಿ ಹೇಳಿ ನೋಡಿದೆ. ಹೊಂದಿತು ಎನ್ನಿಸಿತು. ಆಸೆಪಟ್ಟವರಿಗೆ ಏನು ತಾನೇ ಹೊಂದುವುದಿಲ್ಲ. ಕೆಲವು ತಿಂಗಳು ಬಹಳ ಸಮಾಧಾನದಿಂದಿದ್ದೆ.

ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳಬೇಕು ಎನ್ನುವ ದುರಾಸೆ ಯಾಕೆ ಬಂತೋ. ಪರೀಕ್ಷೆ ಮುಗಿದ ರಜೆಯಲ್ಲಿ ಶಿರಾಕ್ಕೆ ಹೋದೆ. ಅಪ್ಪನ ಅಕ್ಕ, ನನ್ನ ಸೋದರತ್ತೆ, ಅಲ್ಲಿ ಕೋಟೆಯ ಹತ್ತಿರದ ಬೀದಿಯಲ್ಲಿದ್ದಳು. ಸಿನಿಮಾ ತೆಗೆದ ದಿನ ಅವಳು ತವರಿನಲ್ಲೇ ಇದ್ದಳು ಎಂದು ಅಪ್ಪ ಎಂದೋ ಹೇಳಿದ್ದ. ಹೋದಾಗ ನಡುಮನೆಯಲ್ಲಿ ರಾಗಿ ರಾಶಿ ಹಾಕಿಕೊಂಡು ಅಳೆಯುತ್ತಿದ್ದಳು. ಪಕ್ಕದ ಮನೆಯ ಸಾಬರ ಹೆಂಗಸು ಚೀಲದ ಬಾಯಿ ಹಿಡಿದು ಕೂತಿದ್ದರು. ನನ್ನನ್ನು ನೋಡಿ, ಆವೋ ಬೇಟಿ, ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

ಅತ್ತೆಗೆ ಆ ದಿನ ಚೆನ್ನಾಗಿ ನೆನಪಿತ್ತು. ನಗುನಗುತ್ತಲೇ ಹೇಳಿದಳು. ಅಮ್ಮನ ಮಾವ ಜಗಲಿ ಮೇಲೆ ಕೂತಿದ್ದಾರೆ, ಊರ ಗಂಡಸರೆಲ್ಲ ಸುತ್ತ ನಿಂತಿದ್ದಾರೆ. ಅಷ್ಟು ಜನರ ಎದುರು ಮನೆಯ ಸೊಸೆ ಬಾಯಿ ಬಿಡುವುದುಂಟೇ? ಮಗುವಿನ ಜೊತೆ ಮಾತಾಡಮ್ಮ ಎಂದು ಕ್ಯಾಮೆರಾದವನು ಹೇಳಿದ್ದೇ ಹೇಳಿದ್ದು, ಅಮ್ಮ ತಲೆ ಎತ್ತಲಿಲ್ಲ. ಮಾತು ಯಾವುದಾದರೂ ಸರಿ, ನಮಗೆ ಬಾಯಿ ಆಡಿದರೆ ಸಾಕು, ದನಿ ಬೇರೆ ಹಾಕುತ್ತೇವೆ ಎಂದ. ಆಗಲೂ ಇಲ್ಲ. ಬಿಸಿಲು ಏರುತ್ತಿತ್ತು, ನಾನು ಅಳಲು ಶುರುಮಾಡಿದ್ದೆನಂತೆ. ಕೊನೆಗೆ ಅವನು ಬೇಸತ್ತು, ಏನೂ ತೋಚದಿದ್ದರೆ ಎಣಿಸಮ್ಮ, ಒಂದು ಎರಡು ಎಣಿಸು ಅಂದನಂತೆ.

"ನಿಮ್ಮಮ್ಮಂಗೆ ಎಣಿಸೋದು ಅಂದ್ರೆ ರಾಗಿ ಅಳಿಯೋದೊಂದೇ ಗೊತ್ತು ಕಣೇ," ಎಂದಳು ಅತ್ತೆ. "ನಿನ್ ಗಲ್ಲ ಹಿಡ್ಕಂಡು, ಸೇರು ಸೇರು ಸುರಿಯೋರಂಗೆ, ಲಾಭಂ, ರೆಂಡು, ಮೂಡು ಅಂದ್ಬುಟ್ಳು. ಅದೂ ತೆಲುಗ್ನಲ್ಲಿ. ನಕ್ಕೂ ನಕ್ಕೂ ಸಾಕಾಯ್ತು ನಮ್ಗೆ."

ರಾಗಿ ಅಳೆಯುವಾಗ ನಮ್ಮ ಕಡೆ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ. ಲಾಭ ಎನ್ನಬೇಕು, ಆಮೇಲೆ ಎರಡು, ಮೂರು. ಹೇಳಿದ್ದನ್ನೇ ಹೇಳಿಕೊಳ್ಳುತ್ತ ಸುರಿಯುತ್ತಾರೆ, ಲೆಕ್ಕ ತಪ್ಪಬಾರದೆಂದು. ಅಷ್ಟೇ. ನನಗಾಗಿ ಹೇಳಿದ ಮಾತೇ ಅಲ್ಲ ಅದು. ಅಳಬೇಡ ಅನ್ನಲಿಲ್ಲ, ಇಲ್ಲೇ ಇದ್ದೀನಿ ಅನ್ನಲಿಲ್ಲ. ಅಳುತ್ತಿದ್ದ ಮಗುವಿನ ಮುಖ ನೋಡಿಕೊಂಡು, ಆ ಗಂಡಸರು ಬೇಗ ಹೋದರೆ ಸಾಕೆಂದು ರಾಗಿ ಎಣಿಸಿದಳು. ನಾನು ರಾಶಿಯ ಪಕ್ಕದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅತ್ತೆಗೆ ಗಾಬರಿಯಾಯಿತು. ನಕ್ಕಿದ್ದಕ್ಕೆ ಬೇಜಾರಾಯಿತು ಎಂದುಕೊಂಡು, ನಿಮ್ಮಮ್ಮ ಬಂಗಾರದಂಥೋಳು ಕಣೇ, ಎಂದು ಬೆನ್ನು ಸವರಿದಳು. ಅವಳ ಮೇಲೆ ನನಗೆ ಏನೂ ಇರಲಿಲ್ಲ. ಅಷ್ಟು ವರ್ಷ ನಾನು ಕಾದುಕೊಂಡಿದ್ದ ಮಾತು ಇಲ್ಲವೇ ಇಲ್ಲ ಎಂದಾಗ ಏನು ಮಾಡಬೇಕೋ ತಿಳಿಯಲಿಲ್ಲ.

ಊರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿಕೊಂಡು ಯೋಚಿಸಿದೆ. ಮಧುಗಿರಿ ದಾಟುವ ಹೊತ್ತಿಗೆ ಅಳು ನಿಂತಿತ್ತು. ಅಮ್ಮ ಹೇಳಿದ ಮಾತು ಯಾವುದು ಎನ್ನುವುದಾದರೂ ಈಗ ಗೊತ್ತಿತ್ತು. ಆ ಮಾತನ್ನು ಅವಳಿಗೆ ಕಲಿಸಿದವಳು ಇನ್ನೂ ಬದುಕಿದ್ದಳು. ಹೇಳುವ ರಾಗ ಒಂದೇ ಇರುತ್ತದೆ, ಮನೆತನದ ಗಂಟಲೂ ಒಂದೇ ಇರಬಹುದು. ಅದನ್ನು ಒಂದು ಸಲ ಕೇಳಿ, ನೆನಪಿನಲ್ಲಿರುವ ಆ ತುಟಿಗಳಿಗೆ ಹೊಂದಿಸಿಬಿಟ್ಟರೆ, ಆ ಬೆಂಗಳೂರಿನವಳು ಎದ್ದು ಹೋಗಲೇಬೇಕು. ಬಸ್ಸು ಇನ್ನೂ ಜೋರಾಗಿ ಹೋಗಬಾರದೇ ಎನ್ನಿಸಿತು.

ಮನೆ ಸೇರಿದವಳು ಕಾಲು ತೊಳೆಯುವುದಕ್ಕೂ ನಿಲ್ಲಲಿಲ್ಲ. ಮೊರದ ತುಂಬ ರಾಗಿ ತಂದು ಅಜ್ಜಿಯ ಮುಂದೆ ಸುರಿದು, ಸೇರು ಕೈಗೆ ಕೊಟ್ಟು, ಅಳಿ ಅಂದೆ. ತಲೆ ಕೆಟ್ಟಿದೆಯೇನೇ ನಿಂಗೆ ಎಂದು ಬೈದಳು. ಅತ್ತೆ ಹೇಳಿದ್ದನ್ನು ಹೇಳಿದೆ. ಅಜ್ಜಿ ಸೇರಿನ ಅಂಚನ್ನು ಬೆರಳಿನಿಂದ ಸವರುತ್ತ ಕೂತಳು. ಅವಳೂ ಮಗಳ ದನಿ ಕೇಳಿ ಎಷ್ಟೋ ವರ್ಷವಾಗಿತ್ತು ಎಂದು ನನಗೆ ಆಗ ಹೊಳೆಯಿತು. ಆಮೇಲೆ ಸೇರು ತುಂಬಿದಳು.

"ಅವಳ್ದು ನನಗಿಂತ ಸಣ್ಣ ಗಂಟ್ಲು," ಎಂದಳು. "ಇಂಗೇ ಅನ್ನೋಳು ನೋಡು."

ಲಾಭಂ, ಲಾಭಂ, ಲಾಭಂ ಎನ್ನುತ್ತ ಸುರಿದಳು. ರೆಂಡು, ರೆಂಡು, ರೆಂಡು. ಒಡೆದ ಮುದಿ ದನಿಯನ್ನು ಹತ್ತಿಕ್ಕಿ ಹತ್ತಿಕ್ಕಿ ಎಳೆಯದು ಮಾಡುತ್ತಿದ್ದಳು, ಕಣ್ಣಿಂದ ನೀರು ಇಳಿಯುತ್ತಿತ್ತು. ಮೂಡು, ಮೂಡು. ನಾನು ಕಣ್ಣು ಮುಚ್ಚಿಕೊಂಡೆ. ಬಾವಿಯ ಬಳಿ ಅಮ್ಮ ಕೊಡ ಇಳಿಸಿದಳು, ನನ್ನ ಗಲ್ಲ ಹಿಡಿದಳು. ತುಟಿ ಆಡಿತು. ಒಂದೊಂದು ಮಾತೂ ತುಟಿಗೆ ಸರಿಯಾಗಿ ಕೂತಿತು. ಲಾಭಂ ಎಂದಳು ಅಮ್ಮ, ರೆಂಡು ಎಂದಳು, ಸ್ಪಷ್ಟವಾಗಿ, ನಯವಾಗಿ, ಅಕ್ಷರ ಅಕ್ಷರವೂ ಇಸ್ತ್ರಿ ಮಾಡಿಟ್ಟ ಹಾಗೆ.

ಅಜ್ಜಿ ಅಳೆಯುವುದನ್ನು ನಿಲ್ಲಿಸಿ ನನ್ನ ಮೊಣಕೈ ಹಿಡಿದಳು. "ಕೇಳುಸ್ತಾ?"

"ಕೇಳುಸ್ತು," ಎಂದೆ. ಯಾರ ದನಿಯಲ್ಲಿ ಎಂದು ಹೇಳಲಿಲ್ಲ.